ಕೊನೆಯ ದಿನದಿಂದ ಹಿಂದಕ್ಕೆ: ಕುಟುಂಬ ಸೇವಾ ಸಂಸ್ಥೆಯಲ್ಲಿ ವಿದ್ಯಾರ್ಥಿ ಇಂಟರ್ನ್‌ಗಳು

ಎಂಟು ವರ್ಷದ ಒಬ್ಬ ಹುಡುಗನಿಂದ ಶುರುಮಾಡುತ್ತೇನೆ. ಆ ಮನೆ ನಮ್ಮ ಸಂಸ್ಥೆಗೆ ಮೂರು ವರ್ಷದಿಂದ ಪರಿಚಯ. ತಂದೆ ಮನೆ ಬಿಟ್ಟು ಹೋಗಿದ್ದರು, ತಾಯಿ ಎರಡು ಕಡೆ ದುಡಿಯುತ್ತಿದ್ದರು, ಮನೆ ನಡೆಸುತ್ತಿದ್ದದ್ದು ಅಜ್ಜಿ. ಸಮಾಜಕಾರ್ಯ ಓದುತ್ತಾ ನಮ್ಮಲ್ಲಿಗೆ ಇಂಟರ್ನ್ ಆಗಿ ಹೊಸದಾಗಿ ಬಂದ ಒಬ್ಬ ವಿದ್ಯಾರ್ಥಿನಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವಳು ಕ್ಲಾಸಿನಲ್ಲಿ ಹೇಳಿಕೊಟ್ಟ ಹಾಗೆ ನೆಲದ ಮೇಲೆ ಕೂತಳು, ಚೀಲದಿಂದ ಬಣ್ಣದ ಪೆನ್ಸಿಲ್ ತೆಗೆದಳು, ನಗುತ್ತಾ ಹೆಸರು ಕೇಳಿದಳು. ಹುಡುಗ ಹೆಸರು ಹೇಳಲಿಲ್ಲ. "ಅಕ್ಕ, ನೀವು ಯಾವಾಗ ಹೋಗ್ತೀರಿ?" ಅಂದ. "ಐದು ಗಂಟೆಗೆ" ಅಂದಳು ಇವಳು. "ಅದಲ್ಲ. ಪೂರ್ತಿ ಯಾವಾಗ ಹೋಗ್ತೀರಿ?"

ಆಫೀಸಿಗೆ ಬಂದು ಫೈಲ್ ತೆಗೆದು ನೋಡಿದೆ. ಮೂರು ವರ್ಷದಲ್ಲಿ ಆ ಹುಡುಗನ ಜೊತೆ ನಾಲ್ಕು ಜನ ವಿದ್ಯಾರ್ಥಿಗಳು ಕೆಲಸ ಮಾಡಿದ್ದರು. ನಾಲ್ವರ ವರದಿಯೂ ಚೆನ್ನಾಗಿತ್ತು. "ಮಗುವಿನೊಂದಿಗೆ ಉತ್ತಮ ಬಾಂಧವ್ಯ ಬೆಳೆಯಿತು" ಅಂತ ನಾಲ್ವರೂ ಬರೆದಿದ್ದರು. ನಾಲ್ವರಿಗೂ ಒಳ್ಳೆಯ ಅಂಕ ಬಂದಿತ್ತು, ಆ ಅಂಕಕ್ಕೆ ಸಹಿ ಹಾಕಿದ್ದು ನಾನೇ. ಅಪ್ಪ ಬಿಟ್ಟುಹೋದ ಮಗುವಿಗೆ ನಾವು ಮೂರು ವರ್ಷದಲ್ಲಿ ಮತ್ತೆ ನಾಲ್ಕು ಸಲ ಬಿಟ್ಟುಹೋಗುವವರನ್ನು ಒದಗಿಸಿದ್ದೆವು. ಇದು ಯಾವ ವಾರ್ಷಿಕ ವರದಿಯಲ್ಲೂ ಬಂದಿರಲಿಲ್ಲ.

ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬೇಡಿ ಅಂತ ಹೇಳುವುದಕ್ಕೆ ಇದನ್ನು ಹೇಳುತ್ತಿಲ್ಲ. ತೆಗೆದುಕೊಳ್ಳಿ, ನಾವೂ ಈಗಲೂ ತೆಗೆದುಕೊಳ್ಳುತ್ತೇವೆ. ಆದರೆ ಇಂಟರ್ನ್ ವಿಷಯದಲ್ಲಿ ಮೊದಲ ದಿನವೇ ನಮಗೆ ಖಚಿತವಾಗಿ ಗೊತ್ತಿರುವುದು ಒಂದೇ ಒಂದು ಸಂಗತಿ: ಅವರು ಹೋಗುವ ತಾರೀಖು. ಹುಡುಗ ಎಷ್ಟು ಚುರುಕು, ಹುಡುಗಿಗೆ ಎಷ್ಟು ಸಹನೆ, ಯಾವುದೂ ಗೊತ್ತಿರುವುದಿಲ್ಲ. ತಾರೀಖು ಗೊತ್ತು. ಹಾಗಿದ್ದೂ ನಾವು ಯೋಜನೆ ಮಾಡುವಾಗ ಮರೆಯುವುದು ಅದನ್ನೇ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದೆಲ್ಲ ಆ ತಾರೀಖಿನಿಂದ ಹಿಂದಕ್ಕೆ ನಡೆಯುವ ಲೆಕ್ಕ.

ಅದಕ್ಕೆ ಮೊದಲು ಸ್ವಲ್ಪ ಚರಿತ್ರೆ, ಬೇಸರ ಮಾಡಿಕೊಳ್ಳಬೇಡಿ. ವಿದ್ಯಾರ್ಥಿಗಳು ನಮ್ಮ ಕ್ಷೇತ್ರಕ್ಕೆ ಆಮೇಲೆ ಬಂದ ಅತಿಥಿಗಳಲ್ಲ. 1884ರಲ್ಲಿ ಲಂಡನ್ನಿನ ಪೂರ್ವಭಾಗದಲ್ಲಿ, ಬಡವರ ನಡುವೆಯೇ ನೆಲೆಸಿ ಸೇವೆ ಮಾಡುವ ಕೇಂದ್ರವಾಗಿ, ಟಾಯ್ನ್‌ಬೀ ಹಾಲ್ ಶುರುವಾದಾಗ ಅಲ್ಲಿ ಬಂದು ನೆಲೆಸಿದ್ದು ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ಓದಿದ ಹುಡುಗರು. ಅದನ್ನು ಕಣ್ಣಾರೆ ನೋಡಿ ಬಂದ ಜೇನ್ ಆಡಮ್ಸ್, ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ 1889ರಲ್ಲಿ ಷಿಕಾಗೋದಲ್ಲಿ ಅದೇ ಮಾದರಿಯ ಹಲ್ ಹೌಸ್ ತೆರೆದರು. ಆ ಕಾಲದಲ್ಲಿ ಬಡ ಕುಟುಂಬಗಳನ್ನು ಭೇಟಿ ಮಾಡುತ್ತಿದ್ದವರು ಒಳ್ಳೆಯ ಮನಸ್ಸಿನ ಸ್ವಯಂಸೇವಕರು; ಮನಸ್ಸು ಒಳ್ಳೆಯದಿದ್ದರೆ ಸಾಕು, ತರಬೇತಿ ಯಾಕೆ ಎನ್ನುವ ಭಾವನೆ ಇತ್ತು. ಅಮೆರಿಕದ ಒಂದು ಸೇವಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಮೇರಿ ರಿಚ್ಮಂಡ್ 1897ರಲ್ಲಿ ಟೊರಾಂಟೊದಲ್ಲಿ ನಡೆದ ಸೇವಾ ಸಂಸ್ಥೆಗಳ ಸಮ್ಮೇಳನದಲ್ಲಿ ಎದ್ದು ನಿಂತು ಈ ಕೆಲಸಕ್ಕೆ ಒಂದು ತರಬೇತಿ ಶಾಲೆ ಬೇಕು ಎಂದರು. ಮರುವರ್ಷ, 1898ರಲ್ಲಿ, ನ್ಯೂಯಾರ್ಕಿನಲ್ಲಿ ಆರು ವಾರದ ಬೇಸಿಗೆ ಕೋರ್ಸ್ ನಡೆಯಿತು. ಇವತ್ತಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಕಾರ್ಯ ಶಾಲೆಯ ಬೇರು ಅದು. ಅದನ್ನು ನಡೆಸಿದ್ದು ವಿಶ್ವವಿದ್ಯಾಲಯ ಅಲ್ಲ, ನಮ್ಮಂಥದೇ ಒಂದು ಸೇವಾ ಸಂಸ್ಥೆ. ಅಂದರೆ ಕಲಿಸುವುದು ಕಾಲೇಜಿನ ಕೆಲಸ, ನಾವು ಜಾಗ ಕೊಡುತ್ತೇವೆ ಅಷ್ಟೇ ಅನ್ನುವ ಮಾತಿದೆಯಲ್ಲ, ಅದಕ್ಕೆ ಚರಿತ್ರೆಯ ಬೆಂಬಲ ಇಲ್ಲ.

ಈಗ ಲೆಕ್ಕ. ಅಮೆರಿಕದಲ್ಲಿ ಸಮಾಜಕಾರ್ಯ ಪದವಿಗೆ ಕನಿಷ್ಠ 400 ಗಂಟೆ, ಸ್ನಾತಕೋತ್ತರ ಪದವಿಗೆ 900 ಗಂಟೆ ಕ್ಷೇತ್ರಕಾರ್ಯ, ಅಂದರೆ ಸಂಸ್ಥೆಯಲ್ಲಿ ಇಂಟರ್ನ್ ಆಗಿ ಮಾಡುವ ಕೆಲಸ, ಆಗಲೇಬೇಕು ಅಂತ ಮಾನ್ಯತೆ ಕೊಡುವ ಮಂಡಳಿಯ ನಿಯಮ ಇದೆ. 400 ಗಂಟೆ ಕೇಳುವುದಕ್ಕೆ ದೊಡ್ಡದು. ವಾರಕ್ಕೆ ಎರಡು ದಿನ, ದಿನಕ್ಕೆ ಎಂಟು ಗಂಟೆ ಹಿಡಿಯಿರಿ, ಇಪ್ಪತ್ತೈದು ವಾರ. ಮೊದಲ ನಾಲ್ಕು ವಾರ ಸಂಸ್ಥೆಯನ್ನು ಅರ್ಥ ಮಾಡಿಕೊಳ್ಳುವುದಕ್ಕೆ, ಬೇರೆಯವರ ಬೆನ್ನ ಹಿಂದೆ ಕೂತು ನೋಡುವುದಕ್ಕೆ ಹೋಗುತ್ತದೆ. ಕೊನೆಯ ನಾಲ್ಕು ವಾರ ಬೀಳ್ಕೊಡುವುದಕ್ಕೆ ಮತ್ತು ಕೆಲಸ ಒಪ್ಪಿಸುವುದಕ್ಕೆ ಬೇಕು. ನಡುವೆ ಪರೀಕ್ಷೆ, ರಜೆ ಅಂತ ಮೂರು ವಾರ. ಉಳಿದದ್ದು ಹದಿನಾಲ್ಕು ವಾರ, ಇಪ್ಪತ್ತೆಂಟು ದಿನ. ನಿಮ್ಮ ಕೈಯಲ್ಲಿ ನಿಜವಾಗಿ ಇರುವುದು ಇಪ್ಪತ್ತೆಂಟು ದಿನ. ಅಷ್ಟರಲ್ಲಿ ಏನು ಶುರುವಾಗಿ ಏನು ಮುಗಿಯುತ್ತದೋ ಅದನ್ನು ಮಾತ್ರ ಕೊಡಿ. ಮೂರು ವರ್ಷದಿಂದ ಬಿಡಿಸಲಾಗದ ಸಂಸಾರದ ಗಂಟನ್ನು ಕೊಟ್ಟು "ನೋಡಮ್ಮ, ನಿನ್ನ ಕೈಗುಣ ಹೇಗಿದೆ" ಅನ್ನಬೇಡಿ.

ಇನ್ನೊಂದು ಲೆಕ್ಕ ನಮ್ಮ ಕಡೆಯದು. ಇಂಟರ್ನ್ ಅಂದರೆ ಪುಕ್ಕಟೆ ಕೈ ಅಂತ ತಿಳಿದವರು ಈ ಸಭೆಯಲ್ಲಿ ಯಾರಾದರೂ ಇದ್ದರೆ ನಾನೂ ಒಂದು ಕಾಲದಲ್ಲಿ ನಿಮ್ಮ ಜೊತೆಯಲ್ಲೇ ಇದ್ದೆ. ಒಬ್ಬ ವಿದ್ಯಾರ್ಥಿಗೆ ವಾರಕ್ಕೆ ಒಂದು ಗಂಟೆ ಬಾಗಿಲು ಹಾಕಿಕೊಂಡು ಕೂರಬೇಕು. ಅವರು ಬರೆದು ತರುವ ವರದಿ ಓದುವುದಕ್ಕೆ ಇನ್ನೊಂದು ಗಂಟೆ. "ಮೇಡಂ ಒಂದೇ ನಿಮಿಷ" ಅಂತ ಬಾಗಿಲಲ್ಲಿ ನಿಲ್ಲುವ ಒಂದೊಂದು ನಿಮಿಷಗಳು ಕೂಡಿ ಮತ್ತೊಂದು ಗಂಟೆ. ನಾಲ್ಕು ಜನ ಇದ್ದರೆ ವಾರಕ್ಕೆ ಹನ್ನೆರಡು ಗಂಟೆ, ಒಂದೂವರೆ ದಿನ. ಆ ಒಂದೂವರೆ ದಿನ ಯಾರ ಕೆಲಸದಿಂದ ಕಳೆಯುತ್ತೀರಿ ಅಂತ ಮೊದಲೇ ಬರೆದಿಡದಿದ್ದರೆ, ಅದು ಕುಟುಂಬಗಳ ಪಾಲಿನಿಂದ ತಾನಾಗಿ ಕಳೆದುಹೋಗುತ್ತದೆ. ಒಂದು ವರ್ಷ ಅನುದಾನ ಕಡಿಮೆಯಾಗಿ ಇಬ್ಬರು ಸಿಬ್ಬಂದಿ ಹೋದರು. ಆ ಜಾಗ ತುಂಬಲು ನಾನು ಏಳು ಇಂಟರ್ನ್‌ಗಳನ್ನು ತೆಗೆದುಕೊಂಡೆ. ಆ ವರ್ಷ ನಾನು ಮಾಡಿದ ಕೆಲಸ ಅಂದರೆ, ಅರ್ಧ ಬರೆದ ಕೇಸ್ ಫೈಲುಗಳನ್ನು ಹಿಡಿದುಕೊಂಡು ಮನೆಮನೆಗೆ ಹೋಗಿ "ನಮ್ಮ ಹುಡುಗರು ನಿಮಗೆ ಏನು ಹೇಳಿದ್ದರು?" ಅಂತ ಕೇಳುವುದು.

ಆಲ್ಫ್ರೆಡ್ ಕಡೂಷಿನ್ ಎನ್ನುವ ವಿದ್ವಾಂಸರು ಮೇಲ್ವಿಚಾರಣೆಗೆ ಮೂರು ಮುಖ ಎಂದರು: ಆಡಳಿತ, ಕಲಿಕೆ, ಆಸರೆ. ಕೆಲಸದ ಒತ್ತಡ ಬಂದಾಗ ಮೊದಲು ಬಿದ್ದುಹೋಗುವುದು ಯಾವುದು ಹೇಳಿ? ಆಡಳಿತ ಎಂದೂ ಬೀಳುವುದಿಲ್ಲ. "ರಿಪೋರ್ಟ್ ಕೊಟ್ಟೆಯಾ, ಹಾಜರಿ ಹಾಕಿದೆಯಾ" ನಡೆಯುತ್ತಲೇ ಇರುತ್ತದೆ. ಮೊದಲು ಬೀಳುವುದು ಕಲಿಕೆ. ಆಮೇಲೆ ಆಸರೆ. ಹೊಡೆತದ ಗುರುತು ಇರುವ ಹೆಂಗಸಿನ ಜೊತೆ ಮೊದಲ ಸಲ ಮಾತಾಡಿ ಬಂದ ಇಪ್ಪತ್ತೊಂದು ವರ್ಷದ ಹುಡುಗಿ ಬಸ್ಸಿನಲ್ಲಿ ಒಬ್ಬಳೇ ಮನೆಗೆ ಹೋಗುತ್ತಾಳೆ. ಮರುದಿನ ನಾವು ಕೇಳುವುದು ಭೇಟಿ ಎಷ್ಟು ಹೊತ್ತಿಗೆ ಮುಗಿಯಿತು ಅಂತ.

ಯಾವ ಕೆಲಸ ಕೊಡಬೇಕು? ನಾನು ನೋಡಿದಂತೆ ಸಂಸ್ಥೆಗಳು ಎರಡು ತುದಿಯಲ್ಲಿ ಜಾರುತ್ತವೆ. ಒಂದು, ಝೆರಾಕ್ಸ್ ಮತ್ತು ಕಂಪ್ಯೂಟರಿಗೆ ಹೆಸರು ತುಂಬುವುದು. ಇನ್ನೊಂದು, ಯಾರಿಗೂ ಬೇಡವಾದ ಮನೆಗಳನ್ನು ಹೊಸಬರ ತಲೆಗೆ ಕಟ್ಟುವುದು. ಈ ಎರಡನೆಯದನ್ನು ನಾವು ನಾಜೂಕಾಗಿ "ಒಳ್ಳೆಯ ಕಲಿಕೆಯ ಅವಕಾಶ" ಅಂತ ಕರೆಯುತ್ತೇವೆ. ಮನೆಯಲ್ಲಿ ಹಿಂಸೆ ನಡೆಯುತ್ತಿದೆ ಅಂತ ಬರುವ ಮೊದಲ ಫೋನನ್ನು ಇಂಟರ್ನ್ ಎತ್ತಬಾರದು. ಆ ಫೋನು ಎರಡನೇ ಸಲ ಬರದೇ ಹೋಗಬಹುದು.

ನಡುವಿನ ಕೆಲಸಗಳು ಬೇಕಾದಷ್ಟಿವೆ. ಒಬ್ಬ ತಾಯಿ ಯಾವುದೋ ಕಚೇರಿಗೆ ಹೋಗಿ ಅರ್ಜಿ ಕೊಡಬೇಕು, ಹಿಂದೆ ಎರಡು ಸಲ ಬಾಗಿಲವರೆಗೆ ಹೋಗಿ ವಾಪಸು ಬಂದಿದ್ದಾರೆ. ಜೊತೆಗೆ ಹೋಗಿ ಸಾಲಿನಲ್ಲಿ ನಿಲ್ಲುವುದು ಇಂಟರ್ನ್ ಮಾಡಬಹುದಾದ ಅತ್ಯಂತ ಘನವಾದ ಕೆಲಸ. ಅದು ಒಂದೇ ದಿನದಲ್ಲಿ ಶುರುವಾಗಿ ಮುಗಿಯುತ್ತದೆ, ಆ ತಾಯಿಗೆ ಗುಣ ಕಾಣುತ್ತದೆ, ಸಾಲಿನಲ್ಲಿ ನಿಂತ ಎರಡು ಗಂಟೆಯಲ್ಲಿ ಆಪ್ತಸಮಾಲೋಚನೆಯ ಕೋಣೆಯಲ್ಲಿ ಬಾರದ ಮಾತು ಬರುತ್ತದೆ. ಪೋಷಕರ ಗುಂಪಿನಲ್ಲಿ ಹಿರಿಯ ಸಿಬ್ಬಂದಿಯ ಪಕ್ಕದಲ್ಲಿ ಕೂತು ಅರ್ಧ ಭಾಗ ನಡೆಸುವುದು. ಸೇವೆ ಮುಗಿಸಿದ ಮನೆಗಳಿಗೆ ಮೂರು ತಿಂಗಳ ಮೇಲೆ ಫೋನ್ ಮಾಡಿ ಹೇಗಿದ್ದೀರಿ ಅಂತ ಕೇಳುವುದು. ಒಬ್ಬ ಹುಡುಗನಿಗೆ ನಮ್ಮ ಫೋನ್ ಪಟ್ಟಿ ಕೊಟ್ಟೆ: ಆಶ್ರಯತಾಣ, ಕಾನೂನು ನೆರವು, ವ್ಯಸನ ಬಿಡಿಸುವ ಕೇಂದ್ರ, ನಾವು ದಿನಾ ಜನಕ್ಕೆ ಬರೆದುಕೊಡುವ ನಂಬರುಗಳು. "ಒಂದೊಂದಕ್ಕೂ ಫೋನ್ ಮಾಡು, ನೀನೇ ಕಷ್ಟದಲ್ಲಿರುವವನ ಹಾಗೆ ಕೇಳಿ ನೋಡು" ಅಂದೆ. ಎಷ್ಟೋ ನಂಬರು ಸತ್ತಿದ್ದವು. ಒಂದು ಕಡೆ ಎತ್ತಿದವರು ತಾವು ಆ ಕೆಲಸ ನಿಲ್ಲಿಸಿ ಬಹಳ ಕಾಲವಾಯಿತು ಅಂದರು. ನಾವು ಆ ನಂಬರನ್ನು ಹಿಂದಿನ ವಾರವೂ ಒಬ್ಬರಿಗೆ ಬರೆದುಕೊಟ್ಟಿದ್ದೆವು. ಸಂಬಳ ತೆಗೆದುಕೊಳ್ಳುವ ನಮ್ಮಲ್ಲಿ ಯಾರಿಗೂ ಆ ಪಟ್ಟಿಯನ್ನು ಅನುಮಾನಿಸಬೇಕು ಅಂತ ಹೊಳೆದಿರಲಿಲ್ಲ.

ಹೊಸಬರ ಬೆಲೆ ಇರುವುದು ಇಲ್ಲೇ. ಆ ಎಂಟು ವರ್ಷದ ಹುಡುಗನ ಮನೆಗೇ ಮತ್ತೆ ಹೋಗೋಣ. ಇಕೋಮ್ಯಾಪ್ ಅಂತ ಒಂದು ಚಿತ್ರ ಬಿಡಿಸುವ ಪದ್ಧತಿ ಇದೆ. ಆನ್ ಹಾರ್ಟ್‌ಮನ್ ಅನ್ನುವವರು 1975ರಲ್ಲಿ ರೂಪಿಸಿದ್ದು. ಹಾಳೆಯ ನಡುವೆ ಒಂದು ವೃತ್ತ, ಅದರೊಳಗೆ ಕುಟುಂಬ. ಸುತ್ತ ಚಿಕ್ಕ ಚಿಕ್ಕ ವೃತ್ತಗಳು: ಶಾಲೆ, ಕೆಲಸ, ನೆಂಟರು, ಆಸ್ಪತ್ರೆ, ನೆರೆಯವರು. ಗಟ್ಟಿ ಸಂಬಂಧಕ್ಕೆ ದಪ್ಪ ಗೆರೆ, ತೆಳುವಾದದ್ದಕ್ಕೆ ಚುಕ್ಕಿ ಗೆರೆ, ಜಗಳವಿದ್ದರೆ ಗೆರೆಯ ಮೇಲೆ ಅಡ್ಡ ಗೀಟು. ಶಕ್ತಿ ಯಾವ ಕಡೆಗೆ ಹರಿಯುತ್ತದೆ ಅಂತ ತೋರಿಸುವುದಕ್ಕೆ ಬಾಣ. ನಮ್ಮ ವಿದ್ಯಾರ್ಥಿನಿ ಅದನ್ನು ತಾನು ಬಿಡಿಸಲಿಲ್ಲ. ಪೆನ್ಸಿಲ್ಲನ್ನು ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿಗೆ ಓದು ಬರಹ ಇಲ್ಲ. ವೃತ್ತಕ್ಕೆ ಅಕ್ಷರ ಬೇಡವಲ್ಲ. "ಅಜ್ಜಿ, ನಿಮ್ಮಿಂದ ಯಾರಿಗೆ ಹೋಗುತ್ತದೆ, ಯಾರಿಂದ ನಿಮಗೆ ಬರುತ್ತದೆ, ಬಾಣ ಹಾಕಿ" ಅಂದಳಂತೆ. ಅಜ್ಜಿ ಹಾಕಿದ ಬಾಣಗಳೆಲ್ಲ ಹೊರಕ್ಕೆ. ಮಗಳಿಗೆ, ಮೊಮ್ಮಗನಿಗೆ, ಪಕ್ಕದ ಮನೆಯ ಬಾಣಂತಿಗೆ. ಒಳಕ್ಕೆ ಬರುವ ಬಾಣ ಒಂದೂ ಇಲ್ಲ. ನಮ್ಮ ಫೈಲಿನಲ್ಲಿ ಮೂರು ವರ್ಷದಿಂದ "ಅಜ್ಜಿಯ ಬೆಂಬಲ ಇದೆ" ಅಂತ ಒಂದು ಸಾಲು ಇತ್ತು. ಬೆಂಬಲ ಎನ್ನುವ ಶಬ್ದದ ಹಿಂದೆ ಒಬ್ಬ ಮನುಷ್ಯಳಿದ್ದಾಳೆ, ಅವಳಿಗೆ ಮಂಡಿ ನೋವಿದೆ, ರಾತ್ರಿ ನಿದ್ದೆ ಇಲ್ಲ ಅಂತ ಬರೆದವರಿಲ್ಲ. ಕೇಳಬಾರದಷ್ಟು ಸರಳವಾದ ಪ್ರಶ್ನೆಯನ್ನು ಕೇಳುವ ಧೈರ್ಯ ಹೊಸಬರಿಗೆ ಮಾತ್ರ ಇರುತ್ತದೆ.

ಈಗ ವಿದ್ಯಾರ್ಥಿಯ ಒಳಗೆ ನಡೆಯುವುದನ್ನು ನೋಡೋಣ. ಬರ್ತಾ ರೆನಾಲ್ಡ್ಸ್ ಅನ್ನುವ ಸಮಾಜಕಾರ್ಯದ ಶಿಕ್ಷಕಿ 1942ರಲ್ಲಿ ಕಲಿಕೆಯ ಐದು ಹಂತ ಗುರುತಿಸಿದರು. ಮೊದಲನೆಯದರಲ್ಲಿ ತನ್ನ ಮೇಲೇ ಕಣ್ಣು: ನನ್ನ ಕೈ ಎಲ್ಲಿ ಇಡಲಿ, ನಾನು ಹೇಗೆ ಕಾಣುತ್ತಿದ್ದೇನೆ. ಎರಡನೆಯದು ಈಜು ಇಲ್ಲವೇ ಮುಳುಗು. ಮೂರನೆಯದರಲ್ಲಿ ಏನು ಮಾಡಬೇಕು ಅಂತ ಅರ್ಥವಾಗಿರುತ್ತದೆ, ಮಾಡುವುದಕ್ಕೆ ಬರುವುದಿಲ್ಲ. ನಾಲ್ಕನೆಯದರಲ್ಲಿ ಅರ್ಥವಾದದ್ದನ್ನು ಮಾಡುವುದಕ್ಕೂ ಬರುತ್ತದೆ. ಐದನೆಯದು ಬೇರೆಯವರಿಗೆ ಹೇಳಿಕೊಡುವ ಹಂತ. ನನಗೆ ಇವುಗಳಲ್ಲಿ ಮೂರನೆಯದರ ಮೇಲೆ ಬಹಳ ಮಾತಿದೆ. ನಡುಗಾಲದಲ್ಲಿ ಎಷ್ಟೋ ವಿದ್ಯಾರ್ಥಿಗಳು ಇದ್ದಕ್ಕಿದ್ದಂತೆ ಮಂಕಾಗುತ್ತಾರೆ. ಮೊದಲ ತಿಂಗಳು ಪಟಪಟ ಮಾತಾಡುತ್ತಿದ್ದವನು ಈಗ ಮನೆಭೇಟಿಗೆ ಹೋಗಲು ಹಿಂಜರಿಯುತ್ತಾನೆ, ವರದಿಯಲ್ಲಿ ತನ್ನನ್ನೇ ಬೈದುಕೊಳ್ಳುತ್ತಾನೆ. ಮೇಲ್ವಿಚಾರಕರು ಬಂದು ನನ್ನ ಹತ್ತಿರ, "ಆ ಹುಡುಗ ಕೈಕೊಟ್ಟ, ಮೊದಲು ಎಷ್ಟು ಚೆನ್ನಾಗಿದ್ದ" ಅನ್ನುತ್ತಾರೆ. ಅವನು ಮೊದಲು ಚೆನ್ನಾಗಿರಲಿಲ್ಲ, ಅವನಿಗೆ ಗೊತ್ತಿರಲಿಲ್ಲ ಅಷ್ಟೆ. ಮೊದಲ ತಿಂಗಳಲ್ಲಿ ಆ ಹೆಂಗಸಿನ ಮಾತನ್ನು ನಡುವೆ ಕತ್ತರಿಸಿದ್ದು ಅವನಿಗೆ ಈಗ ಕೇಳಿಸುತ್ತಿದೆ. ತೊಂದರೆ ಏನೆಂದರೆ, ಚಿಕ್ಕ ಅವಧಿಯ ಇಂಟರ್ನ್‌ಶಿಪ್ ಸರಿಯಾಗಿ ಈ ಹಂತದಲ್ಲೇ ಮುಗಿಯುತ್ತದೆ. ತನಗೆ ಬರುವುದಿಲ್ಲ ಅನ್ನುವ ಅರಿವನ್ನು ಮಾತ್ರ ಕಟ್ಟಿಕೊಂಡು ಅವರು ಮನೆಗೆ ಹೋಗುತ್ತಾರೆ. ಅದಕ್ಕೇ ಎರಡು ತಿಂಗಳ ಇಂಟರ್ನ್‌ಗಳಿಗೆ ನಾವು ಕುಟುಂಬಗಳನ್ನು ಕೊಡುವುದನ್ನೇ ನಿಲ್ಲಿಸಿದೆವು. ಅವರಿಗೆ ಫೋನ್ ಪಟ್ಟಿ, ಗುಂಪಿನ ಕೆಲಸ, ಜೊತೆಗೆ ಹೋಗುವ ಕೆಲಸ. ಕಾಲೇಜಿನವರು ಮೊದಲು ಒಪ್ಪಲಿಲ್ಲ. ಕೇಸ್ ಬೇಕು, ಕನಿಷ್ಠ ಐದು ಕೇಸ್ ಬೇಕು ಅಂದರು. ಐದು ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳಿದೆ. ಫಾರಂನಲ್ಲಿ ಐದು ಸಾಲು ಇದೆ ಅಂದರು.

ನಿಯಮಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಇವೆಲ್ಲ ನಿಮಗೆ ಗೊತ್ತಿರುವುದೇ. ಬಂದವರು ವಿದ್ಯಾರ್ಥಿ ಅಂತ ಕುಟುಂಬಕ್ಕೆ ಮೊದಲೇ ಹೇಳಬೇಕು. ಬೇಡ ಅನ್ನುವ ಹಕ್ಕು ಅವರಿಗಿರಬೇಕು, ಬೇಡ ಅಂದರೆ ಸೇವೆ ತಪ್ಪುತ್ತದೆ ಅನ್ನುವ ಭಯ ಇರಬಾರದು. ಮನೆಭೇಟಿಗೆ ಒಬ್ಬರೇ ಹೋಗುವುದು ಬೇಡ. ಸ್ವಂತ ಫೋನ್ ನಂಬರು ಕೊಡುವುದು, ಮಕ್ಕಳ ಜೊತೆ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವುದು ಬೇಡವೇ ಬೇಡ. ಕಾಲೇಜಿಗೆ ಕೊಡುವ ವರದಿಯಲ್ಲಿ ಹೆಸರು ಬದಲಿಸಿದರೆ ಸಾಲದು; ಊರು, ಶಾಲೆ, ಕೆಲಸ ಮೂರೂ ಇದ್ದರೆ ಯಾರು ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಒಂದರ ಮೇಲೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ಮಕ್ಕಳು ದೊಡ್ಡವರಿಗೆ ಹೇಳದ್ದನ್ನು ಇಂಟರ್ನ್‌ಗಳಿಗೆ ಹೇಳುತ್ತಾರೆ. ವಯಸ್ಸು ಹತ್ತಿರ, ಜೊತೆಗೆ ಆಟ ಆಡಿರುತ್ತಾರೆ. "ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಬಾರದು" ಅಂತ ಮಗು ಅಂದಾಗ ಇಪ್ಪತ್ತೊಂದು ವರ್ಷದ ಬಾಯಿಂದ ತಾನಾಗಿ ಬರುವ ಉತ್ತರ "ಹೇಳಲ್ಲ". ಆ ಒಂದು ಶಬ್ದ ಬರದ ಹಾಗೆ ಮೊದಲ ವಾರದಲ್ಲೇ ಬಾಯಿಪಾಠ ಮಾಡಿಸಿ. ಮಗುವಿನ ಮೇಲೆ ದೌರ್ಜನ್ಯ ನಡೆದಿದ್ದರೆ ತಿಳಿಸಲೇಬೇಕು ಅಂತ ಬಹಳಷ್ಟು ದೇಶಗಳಲ್ಲಿ ಕಾನೂನಿದೆ. ಕಾನೂನು ಬಿಡಿ, ಮಾತು ಕೊಟ್ಟು ಮುರಿದರೆ ಆ ಮಗು ಮುಂದೆ ಯಾರಿಗೂ ಹೇಳುವುದಿಲ್ಲ. "ನಿನಗೆ ಅಪಾಯ ಇದ್ದರೆ ನಾನು ನನ್ನ ಮೇಡಂಗೆ ಹೇಳಲೇಬೇಕು, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ" ಅಂತ ನಾವು ಇಂಟರ್ನ್‌ಗಳನ್ನು ಎದುರುಬದುರು ಕೂರಿಸಿ ಆಡಿಸುತ್ತೇವೆ. ಮೊದಲು ನಗುತ್ತಾರೆ. ಮೂರನೇ ಸಲಕ್ಕೆ ನಗುವುದಿಲ್ಲ.

ವಿದ್ಯಾರ್ಥಿಯ ಜೊತೆಗೆ ಅವರ ಸ್ವಂತ ಮನೆಯೂ ಕೆಲಸದ ಜಾಗಕ್ಕೆ ಬರುತ್ತದೆ. ಈ ವಿಷಯ ಓದಲು ಬರುವವರಲ್ಲಿ ಕೆಲವರು ತಮ್ಮ ಮನೆಯ ಕಾರಣಕ್ಕೇ ಬಂದಿರುತ್ತಾರೆ. ಸಂದರ್ಶನದಲ್ಲಿ ಅದನ್ನು ಕೆದಕಬೇಡಿ. ಒಬ್ಬಳು ಹುಡುಗಿ ಪ್ರತಿ ವಾರ ನನ್ನೆದುರು ಕೂತು "ಎಲ್ಲ ಚೆನ್ನಾಗಿದೆ ಮೇಡಂ" ಅನ್ನುತ್ತಿದ್ದಳು. ವರದಿ ಓದಿದರೆ, ಅವಳು ಭೇಟಿ ಮಾಡುತ್ತಿದ್ದ ಹೆಂಗಸೂ ಪ್ರತಿ ವಾರ ಅವಳಿಗೆ "ಎಲ್ಲ ಚೆನ್ನಾಗಿದೆ" ಅನ್ನುತ್ತಿದ್ದರು. ಮನೋವೈದ್ಯ ಹೆರಾಲ್ಡ್ ಸರ್ಲ್ಸ್ 1955ರಲ್ಲೇ ಇದನ್ನು ಗಮನಿಸಿ ಬರೆದಿದ್ದಾರೆ: ಒಂದು ಕೋಣೆಯಲ್ಲಿ ನಡೆಯುವುದು ಇನ್ನೊಂದು ಕೋಣೆಯಲ್ಲಿ ಪ್ರತಿಬಿಂಬಿಸುತ್ತದೆ. ನಾನು ಆ ವಾರ ಪ್ರಶ್ನೆ ಕೇಳಲಿಲ್ಲ. "ನನಗೆ ಈ ವಾರ ಏನೂ ಚೆನ್ನಾಗಿರಲಿಲ್ಲ" ಅಂತ ನನ್ನದೇ ಒಂದು ಎಡವಟ್ಟು ಹೇಳಿದೆ. ಹುಡುಗಿ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಮಾತಾಡಿದಳು. ಎರಡು ವಾರ ಬಿಟ್ಟು ಆ ಹೆಂಗಸೂ.

ದುಡ್ಡಿನ ಮಾತು ಎತ್ತದೆ ಹೋದರೆ ಮೋಸ. ಸಂಬಳವಿಲ್ಲದ ಇಂಟರ್ನ್‌ಶಿಪ್ ಅಂದರೆ ಸಂಬಳವಿಲ್ಲದೆ ಆರು ತಿಂಗಳು ಇರಬಲ್ಲವರಿಗೆ ಮಾತ್ರ ತೆರೆದ ಬಾಗಿಲು. ನಮ್ಮ ಕುಟುಂಬಗಳ ಬದುಕು ಹತ್ತಿರದಿಂದ ಗೊತ್ತಿರುವ ವಿದ್ಯಾರ್ಥಿಗಳೇ ಅದರಿಂದ ಹೊರಗೆ ಉಳಿಯುತ್ತಾರೆ. ಆಸ್ಟ್ರೇಲಿಯಾದಲ್ಲಿ 2025ರ ಜುಲೈಯಿಂದ ನರ್ಸಿಂಗ್, ಸೂಲಗಿತ್ತಿ ತರಬೇತಿ, ಶಿಕ್ಷಕ ತರಬೇತಿ, ಸಮಾಜಕಾರ್ಯ ಓದುವವರಿಗೆ ಕಡ್ಡಾಯ ಕ್ಷೇತ್ರಕಾರ್ಯದ ವಾರಗಳಲ್ಲಿ, ಆದಾಯ ನೋಡಿ, ಸರಕಾರವೇ ಭತ್ಯೆ ಕೊಡುತ್ತಿದೆ. ನಮ್ಮಂಥ ಸಣ್ಣ ಸಂಸ್ಥೆಗಳಿಗೆ ಅಷ್ಟು ಆಗುವುದಿಲ್ಲ, ಒಪ್ಪಿದೆ. ಓಡಾಟದ ಖರ್ಚು ಆಗುತ್ತದೆ. ಅದೂ ಆಗದ ವರ್ಷ ನಾವು ಒಬ್ಬರನ್ನು ಕಡಿಮೆ ತೆಗೆದುಕೊಂಡು ಉಳಿದವರಿಗೆ ಕೊಟ್ಟೆವು. ಒಂದು ವರ್ಷ ಯಾರನ್ನೂ ತೆಗೆದುಕೊಳ್ಳಲಿಲ್ಲ; ಹೇಳಿಕೊಡಬಲ್ಲ ಇಬ್ಬರೂ ರಜೆಯಲ್ಲಿದ್ದರು. ಕಾಲೇಜಿಗೆ ಫೋನ್ ಮಾಡಿ "ಈ ವರ್ಷ ಬೇಡ" ಅಂತ ಹೇಳುವಾಗ ನಾಚಿಕೆಯಾಯಿತು. ಆ ನಾಚಿಕೆ ಏಳು ಇಂಟರ್ನ್‌ಗಳ ವರ್ಷಕ್ಕಿಂತ ಎಷ್ಟೋ ಅಗ್ಗ.

ಇನ್ನು ಕೊನೆಯ ದಿನ. ನಮ್ಮಲ್ಲಿ ಈಗ ಕುಟುಂಬದ ಜೊತೆಗಿನ ಮೊದಲ ಭೇಟಿಯಲ್ಲೇ ಇಂಟರ್ನ್ ತಾನು ಹೋಗುವ ತಾರೀಖು ಹೇಳುತ್ತಾರೆ. ಕೊನೆಗೆ ಮೂರು ಭೇಟಿ ಇರುವಾಗ ಅದನ್ನು ಮತ್ತೆ ಎತ್ತುತ್ತಾರೆ. ಕೊನೆಯದರ ಹಿಂದಿನ ಭೇಟಿಗೆ, ಸಂಸ್ಥೆಯಲ್ಲೇ ಉಳಿಯುವ ಸಿಬ್ಬಂದಿ ಒಬ್ಬರು ಜೊತೆಗೆ ಹೋಗಿ ಕೂರುತ್ತಾರೆ. ಇಂಟರ್ನ್ ಕುಟುಂಬದ ಎದುರಿಗೇ ಕೆಲಸ ಒಪ್ಪಿಸಬೇಕು, ಬೆನ್ನ ಹಿಂದೆ ಅಲ್ಲ. ಒಪ್ಪಿಸುವ ಕಾಗದ ಎರಡು ಪುಟ ಮೀರಬಾರದು. ಅದರಲ್ಲಿ ನಾನು ಮೊದಲು ಓದುವುದು "ನಾನು ಕೊಟ್ಟ ಮಾತುಗಳು" ಅನ್ನುವ ಭಾಗ. ಶಾಲೆಗೆ ಬಂದು ಟೀಚರ್ ಹತ್ತಿರ ಮಾತಾಡುತ್ತೇನೆ ಅಂದಿದ್ದೆ, ಆಗಲಿಲ್ಲ. ಪುಸ್ತಕ ತಂದುಕೊಡುತ್ತೇನೆ ಅಂದಿದ್ದೆ. ಇಂಥವು. ಇವನ್ನು ಯಾರು ನೆರವೇರಿಸುತ್ತಾರೆ ಅಂತ ಪಕ್ಕದಲ್ಲಿ ಹೆಸರು ಬೀಳದೆ ನಾನು ಆ ವಿದ್ಯಾರ್ಥಿಯ ಅಂಕಪಟ್ಟಿಗೆ ಸಹಿ ಹಾಕುವುದಿಲ್ಲ.

ಆ ಹುಡುಗನ "ಪೂರ್ತಿ ಯಾವಾಗ ಹೋಗ್ತೀರಿ" ಅನ್ನುವ ಪ್ರಶ್ನೆಗೆ ಅವತ್ತು ನಮ್ಮಿಬ್ಬರ ಬಾಯಿಂದಲೂ ಉತ್ತರ ಬರಲಿಲ್ಲ. ಮುಂದಿನ ವಾರ ವಿದ್ಯಾರ್ಥಿನಿ ಒಂದು ಕ್ಯಾಲೆಂಡರ್ ತೆಗೆದುಕೊಂಡು ಹೋದಳು. ತಾನು ಬರುವ ದಿನಗಳಿಗೆಲ್ಲ ಸುತ್ತು ಹಾಕಿ, ಕೊನೆಯ ದಿನಕ್ಕೆ ಕೆಂಪು ಬಣ್ಣ ಹಾಕು ಅಂತ ಅವನಿಗೇ ಪೆನ್ಸಿಲ್ ಕೊಟ್ಟಳು. ಅವನು ಪ್ರತಿ ಭೇಟಿ ಮುಗಿದ ಮೇಲೆ ಒಂದೊಂದು ಸುತ್ತನ್ನು ಹೊಡೆದುಹಾಕುತ್ತಿದ್ದ. ಕೊನೆಕೊನೆಗೆ ನಾನೂ ಒಂದು ಸಲ ಹೋಗಿದ್ದೆ. ಅವಳು "ಇನ್ನು ಐದು ಸಲ ಬರ್ತೀನಿ" ಅಂದಳು. ಹುಡುಗ ಹೋಂವರ್ಕ್‌ನಿಂದ ತಲೆ ಎತ್ತದೆ ಅಂದ: "ನಾಲ್ಕು. ಒಂದು ದಿನ ನಿಮಗೆ ಪರೀಕ್ಷೆ ಇದೆ ಅಂತ ನೀವೇ ಹೇಳಿದ್ರಲ್ಲ ಅಕ್ಕ. ಓದಿಕೊಳ್ಳಿ."